ಪೇಜ್ ಓಪನ್ ಆಗ್ತಿಲ್ವಾ? ಕ್ರೋಮ್ ಕಿತ್ತು ಹಾಕೋ ಮೊದ್ಲು ಇಷ್ಟು ನೋಡಿ

ಪೇಜ್ ಓಪನ್ ಆಗ್ತಿಲ್ಲ ಅಂದ ತಕ್ಷಣ ನಮ್ ಜನ ಮಾಡೋ ಮೊದಲ ಕೆಲಸ ಕ್ಯಾಷ್ (ಬ್ರೌಸರ್ ಕೂಡಿಟ್ಕೊಂಡಿರೋ ಹಳೇ ಪೇಜುಗಳು) ಕ್ಲಿಯರ್ ಮಾಡೋದು, ಅದಕ್ಕೂ ಜಗ್ಗಲಿಲ್ಲ ಅಂದ್ರೆ ಕ್ರೋಮನ್ನೇ ಕಿತ್ತು ಬಿಸಾಕಿ ಮತ್ತೆ ಹಾಕ್ಕೊಳ್ಳೋದು, ಅದೂ ಆಗ್ಲಿಲ್ಲ ಅಂದ್ರೆ ಫಾರ್ಮ್ಯಾಟ್ ಹೊಡಿಸ್ಬೇಕು ಅಂತ ಲ್ಯಾಪ್‌ಟಾಪ್ ಎತ್ಕೊಂಡು ಅಂಗಡಿಗೆ ಹೋಗೋದು. ಅಷ್ಟೊತ್ತಿಗೆ ಬುಕ್‌ಮಾರ್ಕ್ ಹೋಗಿರತ್ತೆ, ಸೇವ್ ಮಾಡಿದ್ದ ಪಾಸ್‌ವರ್ಡ್ ಹೋಗಿರತ್ತೆ, ತೊಂದ್ರೆ ಮಾತ್ರ ಇದ್ದಲ್ಲೇ ಇರತ್ತೆ, ಯಾಕಂದ್ರೆ ಎಷ್ಟೋ ಸಲ ಅದು ಬ್ರೌಸರಲ್ಲಿ ಇರೋದೇ ಇಲ್ಲ.

ಅದಕ್ಕೇ ನಾನು ಹೇಳೋ ಕ್ರಮ ಉಲ್ಟಾ. ಮೊದ್ಲು ಏನನ್ನೂ ಚೇಂಜ್ ಮಾಡ್ಬೇಡಿ, ಬರೀ ನೋಡಿ. ತೊಂದ್ರೆ ಕೂತಿರೋಕೆ ನಾಲ್ಕೇ ಜಾಗ ಇರೋದು: ಆ ಸೈಟು, ನಿಮ್ಮ ನೆಟ್ಟು, ನಿಮ್ಮ ಫೋನೋ ಕಂಪ್ಯೂಟರೋ, ಕೊನೇಲಿ ಬ್ರೌಸರು. ನಾಲ್ಕರಲ್ಲಿ ಯಾವ್ದು ಅಂತ ಗೊತ್ತಾಗೋವರೆಗೂ ಯಾವ ಬಟನ್ನೂ ಒತ್ತೋದು ಬೇಡ.

1. ಎರರ್ ಪೇಜನ್ನ ಕೆಳಗಿನ ತನಕ ಓದಿ

ಯಾರಾದ್ರೂ ಫೋನ್ ಮಾಡಿ ನೆಟ್ ಇಲ್ಲ ಅಂದಾಗ ನಾನು ಕೇಳೋ ಮೊದಲನೇ ಪ್ರಶ್ನೆ "ಸ್ಕ್ರೀನ್ ಮೇಲೆ ಏನ್ ಬರ್ದಿದೆ ಓದಿ" ಅಂತ. ಅವ್ರು ಹೇಳೋದು "ಏನೋ ಇಂಗ್ಲಿಷಲ್ಲಿ ಬಂದಿದೆ, ಕ್ಲೋಸ್ ಮಾಡ್ಬಿಟ್ಟೆ". ಆ ಏನೋ ಇಂಗ್ಲಿಷೇ ನಮಗೆ ಬೇಕಾಗಿರೋದು.

ಕ್ರೋಮಲ್ಲಿ ಡೈನೋಸಾರ್ ಬಂತು ಅಂದ್ರೆ ನಿಮ್ಮ ಡಿವೈಸಿಗೆ ನೆಟ್ಟೇ ಇಲ್ಲ ಅಂತ ಬ್ರೌಸರ್‌ಗೆ ಗೊತ್ತಾಗಿದೆ ಅಂತರ್ಥ. ವೈಫೈ ಆಫ್ ಆಗಿರ್ಬಹುದು, ಕೇಬಲ್ ಲೂಸ್ ಆಗಿರ್ಬಹುದು, ಏರೋಪ್ಲೇನ್ ಮೋಡ್ ಒತ್ತಿಹೋಗಿರ್ಬಹುದು. (ನೆಟ್ ಬರೋ ತನಕ ಸ್ಪೇಸ್ ಬಾರ್ ಒತ್ತಿ ಡೈನೋಸಾರ್ ಆಟ ಆಡಿ, 2014ರಿಂದ ಅದು ಅಲ್ಲೇ ಇದೆ.) ಡೈನೋಸಾರ್ ಬದಲು ಸಪ್ಪೆ ಮೋರೆ ಹಾಕ್ಕೊಂಡಿರೋ ಕಾಗದದ ಚಿತ್ರ ಬಂದ್ರೆ ವಿಷ್ಯ ಬೇರೆ, ಆಗ ನೆಟ್ ಇದ್ರೂ ಇರ್ಬಹುದು, ಮುಂದೆ ಎಲ್ಲೋ ಸಿಕ್ಕಾಕ್ಕೊಂಡಿದೆ. ಈ ಪೇಜಿನ ಕೆಳಗೆ ಬೂದು ಬಣ್ಣದಲ್ಲಿ ಚಿಕ್ಕದಾಗಿ ಒಂದು ಕೋಡ್ ಇರತ್ತೆ, ಪದಪದದ ಮಧ್ಯೆ ಅಡಿಗೆರೆ ಹಾಕಿ ಬರ್ದಿರ್ತಾರೆ. ಅದನ್ನ ಫೋಟೋ ತೆಕ್ಕೊಳ್ಳಿ. ಜಾಸ್ತಿ ಕಾಣಿಸ್ಕೊಳ್ಳೋವು ಇವು:

ಡಿಎನ್ಎಸ್ ಪ್ರೋಬ್ ಅಂತಾನೋ ನೇಮ್ ನಾಟ್ ರಿಸಾಲ್ವ್ಡ್ ಅಂತಾನೋ ಇದ್ರೆ ಸೈಟಿನ ಹೆಸರಿಗೆ ಅಡ್ರೆಸ್ ಸಿಕ್ತಿಲ್ಲ ಅಂತ. ಮೊದ್ಲು ಸ್ಪೆಲ್ಲಿಂಗ್ ನೋಡ್ಕೊಳ್ಳಿ, ಆಮೇಲೆ ಕೆಳಗೆ 5ನೇದಕ್ಕೆ ಹೋಗಿ.

ಟೈಮ್ಡ್ ಔಟ್ ಅಂದ್ರೆ ಅಡ್ರೆಸ್ ಸಿಕ್ತು, ಬಾಗಿಲು ಬಡಿದ್ವಿ, ಒಳಗಿಂದ ಯಾರೂ ಓ ಅನ್ಲಿಲ್ಲ. ಸೈಟ್ ಮೇಲೆ ಲೋಡ್ ಜಾಸ್ತಿ ಆಗಿರ್ಬಹುದು, ನಿಮ್ಮ ನೆಟ್ ನಿಧಾನ ಇರ್ಬಹುದು. ರಿಫ್ಯೂಸ್ಡ್ ಅಂದ್ರೆ ಸರ್ವರ್, ಅಂದ್ರೆ ಆ ಸೈಟ್ ಇರೋ ಕಂಪ್ಯೂಟರ್, ಇದೆ, ಕನೆಕ್ಷನ್ ಬೇಡ ಅಂತಿದೆ. ರೀಸೆಟ್ ಅಂದ್ರೆ ಮಾತಾಡ್ತಾ ಮಾತಾಡ್ತಾ ಮಧ್ಯದಲ್ಲಿ ಯಾರೋ ಕಟ್ ಮಾಡಿದ್ರು, ಆಫೀಸ್ ಫೈರ್‌ವಾಲ್ (ಬೇಡದ ಕನೆಕ್ಷನ್ ತಡೆಯೋ ಕಾವಲು) ಇರ್ಬಹುದು, ಆಂಟಿವೈರಸ್ ಇರ್ಬಹುದು, ಸೈಟನ್ನೇ ಬ್ಲಾಕ್ ಮಾಡಿರ್ಬಹುದು.

ಸರ್ಟ್ ಅನ್ನೋ ಪದ ಇದ್ರೆ ಸರ್ಟಿಫಿಕೇಟ್ (ಸೈಟ್ ಅಸಲಿ ಅಂತ ಹೇಳೋ ಗುರುತಿನ ಚೀಟಿ) ತಕರಾರು, ಪ್ರಾಕ್ಸಿ ಅನ್ನೋ ಪದ ಇದ್ರೆ ಪ್ರಾಕ್ಸಿ (ನಿಮ್ಮ ಪರವಾಗಿ ಪೇಜ್ ತರೋ ಮಧ್ಯದ ಕಂಪ್ಯೂಟರ್) ತಕರಾರು, ಅವೆರಡಕ್ಕೂ ಕೆಳಗೆ ಬರ್ತೀನಿ.

ಇನ್ನು 403, 404, 500, 502, 503, 504 ಅಂತ ನಂಬರ್ ಕಾಣಿಸ್ತಿದ್ರೆ ಖುಷಿ ಪಡಿ, ನಿಮ್ಮ ನೆಟ್ಟು ಬ್ರೌಸರು ಸಾಮಾನ್ಯವಾಗಿ ಸರಿ ಇವೆ ಅಂತರ್ಥ. ಆ ಕಡೆಯಿಂದ ಉತ್ತರ ಬಂದಿದ್ದಕ್ಕೇ ತಾನೇ ನಂಬರ್ ಬಂದಿದ್ದು. 404 ಅಂದ್ರೆ ಆ ಪೇಜ್ ಅಲ್ಲಿಲ್ಲ, 403 ಅಂದ್ರೆ ಒಳಗೆ ಬಿಡಲ್ಲ, 5ರಿಂದ ಶುರುವಾಗೋವೆಲ್ಲ ಸರ್ವರ್ ಕಡೆಯವರ ತಲೆನೋವು.

2. ಎರಡು ನಿಮಿಷದ ಪರೀಕ್ಷೆ, ಇದನ್ನ ಮಾತ್ರ ಬಿಡ್ಬೇಡಿ

ಮೊದ್ಲು ಬೇರೆ ಸೈಟ್ ಓಪನ್ ಮಾಡಿ ನೋಡಿ. ಇವತ್ತು ಒಂದ್ಸಲಾನೂ ತೆಗೀದೇ ಇರೋ ಸೈಟ್ ಆಗಿರ್ಲಿ, ಇಲ್ಲಾಂದ್ರೆ ಬೆಳಗ್ಗೆ ನೋಡಿದ ಪೇಜ್ ಕ್ಯಾಷಿಂದಾನೇ ಎದ್ದು ಬಂದು ನೆಟ್ ಇದೆ ಅಂತ ನಂಬಿಸ್ಬಿಡತ್ತೆ. ಆಮೇಲೆ ಅದೇ ಸೈಟನ್ನ ಅದೇ ವೈಫೈಯಲ್ಲಿ ಬೇರೆ ಫೋನಿಂದ ತೆಗೀರಿ. ಆ ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ ತೆಗೀರಿ, ಇದು ಮುಖ್ಯ, ಯಾಕಂದ್ರೆ ಈಗಿನ ಎಷ್ಟೋ ಫೋನ್‌ಗಳು ವೈಫೈ ಸರಿ ಇಲ್ಲ ಅನ್ಸಿದ್ರೆ ಸದ್ದಿಲ್ದೇ ಸಿಮ್ ಡೇಟಾಗೆ ಹಾರ್ತವೆ, ನೀವು ವೈಫೈ ಚೆನ್ನಾಗಿದೆ ಅಂದ್ಕೊಂಡು ಲ್ಯಾಪ್‌ಟಾಪಿಗೆ ಬೈತಾ ಕೂತಿರ್ತೀರ.

ಮೂರನೇದು, ಫೋನಿನ ಮೊಬೈಲ್ ಡೇಟಾ ಮತ್ತೆ ಆನ್ ಮಾಡಿ, ಲ್ಯಾಪ್‌ಟಾಪನ್ನ ವೈಫೈಯಿಂದ ಬಿಡಿಸಿ ಫೋನ್ ಹಾಟ್‌ಸ್ಪಾಟಿಗೆ ಕನೆಕ್ಟ್ ಮಾಡಿ. ಹಾಟ್‌ಸ್ಪಾಟಲ್ಲಿ ಎಲ್ಲ ಸರಾಗ ಓಪನ್ ಆದ್ರೆ ಲ್ಯಾಪ್‌ಟಾಪು ಬ್ರೌಸರು ಎರಡೂ ಹೆಚ್ಚುಕಮ್ಮಿ ನಿರಪರಾಧಿಗಳು, ತೊಂದ್ರೆ ರೌಟರಲ್ಲೋ ಕಂಪನಿಯವರ ಲೈನಲ್ಲೋ ಇದೆ. ಹಾಟ್‌ಸ್ಪಾಟಲ್ಲೂ ಅದೇ ಎರರ್, ಆದ್ರೆ ಫೋನಲ್ಲಿ ಅದೇ ಸೈಟ್ ಬರ್ತಿದೆ ಅಂದ್ರೆ ಲ್ಯಾಪ್‌ಟಾಪಲ್ಲಿ ಹುಡುಕಿ. ಎಲ್ಲ ಕಡೆಯೂ ಆ ಒಂದು ಸೈಟ್ ಮಾತ್ರ ಬರಲ್ಲ ಅಂದ್ರೆ ಸೈಟೇ ಮಲಗಿದೆ.

ಕೊನೇಗೆ ಬೇರೆ ಬ್ರೌಸರ್. ವಿಂಡೋಸಲ್ಲಿ ಎಡ್ಜ್ ಇದ್ದೇ ಇರತ್ತೆ. ಎಡ್ಜಲ್ಲಿ ಬಂದು ಕ್ರೋಮಲ್ಲಿ ಬರ್ತಿಲ್ಲ ಅಂದ್ರೆ ಆಗ, ಆಗ ಮಾತ್ರ, ಕ್ರೋಮಿಗೆ ಕೈ ಹಾಕಿ.

3. ಸೈಟೇ ಬಿದ್ದಿದ್ರೆ

ಮಾಡೋಕೆ ಏನೂ ಇಲ್ಲ, ಕಾಯ್ಬೇಕು. ದೊಡ್ಡ ದೊಡ್ಡೋರ ಸೈಟೂ ಬೀಳ್ತವೆ. 2021ರ ಅಕ್ಟೋಬರ್ 4ರ ರಾತ್ರಿ 9 ಗಂಟೆ ಹೊತ್ತಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಒಟ್ಟಿಗೆ ಮಾಯ ಆಗಿದ್ದು ನೆನಪಿರ್ಬಹುದು, ಆರು ಗಂಟೆ ಹತ್ರ ಬರ್ಲೇ ಇಲ್ಲ. ಅವ್ರ ನೆಟ್‌ವರ್ಕಲ್ಲಿ ಮಾಡಿದ ಒಂದು ಬದಲಾವಣೆಯಿಂದ ಅವ್ರ ಡಿಎನ್ಎಸ್ (ಸೈಟಿನ ಹೆಸರಿಗೆ ಅಡ್ರೆಸ್ ಕೊಡೋ) ಸರ್ವರ್‌ಗಳೇ ಇಂಟರ್ನೆಟ್‌ಗೆ ಕಾಣಿಸ್ದೇ ಹೋಗಿದ್ವು. ಇಲ್ಲಿ ಜನ ರೌಟರ್ ಆಫ್ ಆನ್ ಮಾಡಿದ್ದೇ ಮಾಡಿದ್ದು. 2025ರ ನವೆಂಬರ್ 18ರ ಸಂಜೆ ಕ್ಲೌಡ್‌ಫ್ಲೇರ್ (ಎಷ್ಟೋ ಸೈಟ್‌ಗಳ ಮುಂದೆ ನಿಂತು ಅವನ್ನ ಜನರಿಗೆ ತಲುಪಿಸೋ ಕಂಪನಿ) ಕೆಟ್ಟಾಗಲೂ ಹಂಗೇ, ಚಾಟ್‌ಜಿಪಿಟಿ, ಎಕ್ಸ್ ಅಂತ ಒಂದಕ್ಕೊಂದು ಸಂಬಂಧ ಇಲ್ಲದ ಸೈಟ್‌ಗಳಲ್ಲಿ ಒಂದೇ ಥರ 500ರ ಎರರ್, ಯಾಕಂದ್ರೆ ಎಲ್ಲವೂ ಬಳಸೋದು ಅದನ್ನೇ. ಯಾವ ಸೈಟ್ ಬಿದ್ದಿದೆ ಅಂತ ಹೇಳೋ ಡೌನ್‌ಡಿಟೆಕ್ಟರ್ ಸೈಟೇ ಅವತ್ತು ಸರಿಯಾಗಿ ಬರ್ತಿರ್ಲಿಲ್ಲ!

ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ಇರ್ಲಿ, ಅರ್ಜಿ ಹಾಕೋ ಕೊನೇ ದಿನ ಇರ್ಲಿ, ಎಲ್ರೂ ಒಂದೇ ಗಳಿಗೇಲಿ ನುಗ್ಗಿದ್ರೆ 503 ಬರೋದು ಸಹಜ. ಅಂಥ ಹೊತ್ತಲ್ಲಿ ಎರಡೆರಡು ಸೆಕೆಂಡಿಗೆ ರಿಫ್ರೆಶ್ ಒತ್ಬೇಡಿ, ಅದೂ ಫೀಸ್ ಕಟ್ಟೋ ಪೇಜಲ್ಲಂತೂ ಬೇಡ್ವೇ ಬೇಡ. ಮೊದ್ಲು ಬ್ಯಾಂಕ್ ಮೆಸೇಜ್ ನೋಡಿ, ದುಡ್ಡು ಕಟ್ ಆಗಿದ್ಯಾ ಇಲ್ವಾ ಅಂತ ತಿಳ್ಕೊಂಡು ಆಮೇಲೆ ಮುಂದಿಂದು.

ಹೊರದೇಶದಲ್ಲಿ ಇರೋರಿಗೆ ಒಂದು ಮಾತು. ನಮ್ಮ ಕೆಲವು ಸರ್ಕಾರಿ ಸೈಟು, ಬ್ಯಾಂಕ್ ಸೈಟುಗಳು ಭಾರತದ ಹೊರಗಿನ ಐಪಿ (ನೆಟ್ಟಲ್ಲಿ ನಿಮ್ಮ ಅಡ್ರೆಸ್ ನಂಬರ್) ಬಂದ್ರೆ ಬಾಗಿಲೇ ತೆಗೆಯಲ್ಲ, ಎರರ್ ನೋಡಿದ್ರೆ ಸೈಟ್ ಬಿದ್ದಿದೆ ಅನ್ಸತ್ತೆ. ಊರಲ್ಲಿರೋರಿಗೆ ಫೋನ್ ಮಾಡಿ ಅವ್ರಿಗೆ ಬರ್ತಿದ್ಯಾ ಕೇಳಿ, ಗೊತ್ತಾಗತ್ತೆ. ಇಲ್ಲೇ ಇದ್ದೂ ವಿಪಿಎನ್ (ಬೇರೆ ಊರಿನ ಸರ್ವರ್ ಮೂಲಕ ನೆಟ್ ಕೊಡೋ ಆ್ಯಪ್) ಆನ್ ಮಾಡ್ಕೊಂಡು ಮರೆತಿರೋರಿಗೂ ಇದೇ ಗತಿ.

4. ನೆಟ್ ಕಡೆ ನೋಡೋದು

ಫೈಬರ್ ಕನೆಕ್ಷನ್ ಇದ್ರೆ ಗೋಡೆ ಮೇಲಿರೋ ಡಬ್ಬಿಯ ಲೈಟ್ ನೋಡಿ. ಪಾನ್ (ಪಿಓಎನ್) ಅನ್ನೋ ಲೈಟ್ ಅಲ್ಲಾಡದೇ ಹಸಿರಾಗಿರ್ಬೇಕು. ಲಾಸ್ (ಎಲ್ಓಎಸ್) ಅಂತ ಬರ್ದಿರೋದು ಕೆಂಪಗೆ ಮಿಣಮಿಣ ಅಂತಿದ್ರೆ ಫೈಬರಲ್ಲಿ ಬೆಳಕೇ ಬರ್ತಿಲ್ಲ. ಎಲ್ಲೋ ರಸ್ತೆ ಅಗೆದಿದ್ದಾರೆ, ಇಲ್ಲಾ ಮಳೆಗಾಲದಲ್ಲಿ ಕೊಂಬೆ ಬಿದ್ದು ಲೈನ್ ತುಂಡಾಗಿದೆ, ಅಥವಾ ಮನೆಯೊಳಗೇ ಆ ತೆಳು ವೈರು ಬೀರು ಹಿಂದೆ ಸಿಕ್ಕಿ ಮಡಚಿದೆ. ಮಡಚಿದ್ರೆ ನಿಧಾನಕ್ಕೆ ಬಿಡಿಸಿ, ಫೈಬರ್ ವೈರನ್ನ ಕರೆಂಟ್ ವೈರ್ ಥರ ಮೂಲೇಲಿ ಚೂಪಾಗಿ ಬಗ್ಗಿಸಂಗಿಲ್ಲ. ಕಿತ್ತು ಬಂದ ತುದೀನ ಕಣ್ಣಿಗೆ ಹಿಡಿದು ನೋಡ್ಬೇಡಿ, ಒಳಗೆ ಲೇಸರ್ ಇರತ್ತೆ. ಲಾಸ್ ಕೆಂಪಿದ್ರೆ ಮುಂದಿನ ಯಾವ ಹೆಜ್ಜೇನೂ ಬೇಡ, ಕಂಪ್ಲೇಂಟ್ ಕೊಡಿ ಅಷ್ಟೇ.

ಲೈಟೆಲ್ಲ ಸರಿ ಇದ್ರೆ ಡಬ್ಬಿ, ರೌಟರ್ ಎರಡನ್ನೂ ಪ್ಲಗ್ಗಿಂದ ತೆಗೆದು ಅರ್ಧ ನಿಮಿಷ ಬಿಟ್ಟು ಮೊದ್ಲು ಡಬ್ಬಿ ಆನ್ ಮಾಡಿ, ಲೈಟ್ ನಿಂತ ಮೇಲೆ ರೌಟರ್ ಆನ್ ಮಾಡಿ. ಹಿಂದೆ ಒಂದು ಸಣ್ಣ ತೂತಲ್ಲಿ ರೀಸೆಟ್ ಬಟನ್ ಇರತ್ತೆ ನೋಡಿ, ಅದಕ್ಕೆ ಪಿನ್ ಚುಚ್ಬೇಡಿ ಮಾರಾಯ್ರೆ. ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ರೀಸೆಟ್ ಆದ್ರೆ ಲೈನ್‌ಮ್ಯಾನ್ ಬಂದು ಹಾಕಿದ್ದ ಯೂಸರ್‌ನೇಮು ಪಾಸ್‌ವರ್ಡು ಎಲ್ಲ ಅಳಿಸಿ ಹೋಗತ್ತೆ, ಆಮೇಲೆ ಆ ಪುಣ್ಯಾತ್ಮ ಮತ್ತೆ ಬರೋ ತನಕ ನೆಟ್ ಇಲ್ಲ.

ಮೊಬೈಲ್ ಡೇಟಾ ಬಳಸೋರು ಮೊದ್ಲು ನೋಡ್ಬೇಕಾದ್ದು ದಿನದ ಡೇಟಾ ಮುಗಿದಿದ್ಯಾ ಅಂತ. ಒಂದೂವರೆ ಜಿಬಿ, 2 ಜಿಬಿ ಅಂತ ಇರೋ ಎಷ್ಟೋ ಪ್ಯಾಕ್‌ಗಳಲ್ಲಿ ಡೇಟಾ ಮುಗಿದ್ರೆ ನೆಟ್ ನಿಲ್ಲಲ್ಲ, 64 ಕೆಬಿಪಿಎಸ್‌ಗೆ ಇಳಿಯತ್ತೆ. ಲೆಕ್ಕ ಹಾಕಿ: 2 ಎಂಬಿ ಇರೋ ಒಂದು ಸಾಧಾರಣ ಪೇಜ್ ಆ ಸ್ಪೀಡಲ್ಲಿ ಬರೋಕೆ ನಾಲ್ಕು ನಿಮಿಷದ ಮೇಲೆ ಬೇಕು, ಅಷ್ಟರೊಳಗೆ ಬ್ರೌಸರ್ ಕೈಚೆಲ್ಲಿರತ್ತೆ. ವಾಟ್ಸಾಪಲ್ಲಿ ಬರೀ ಅಕ್ಷರದ ಮೆಸೇಜ್ ಹೋಗ್ತಾನೇ ಇರತ್ತೆ, ಅದಕ್ಕೇ ಜನ "ನೆಟ್ ಇದೆ, ಬ್ರೌಸರ್ ಕೆಟ್ಟಿದೆ" ಅಂದ್ಕೊಳ್ಳೋದು. ಮೇಲುಗಡೆ 5ಜಿ ಅಂತ ತೋರಿಸ್ತಿದೆಯಲ್ಲ ಅಂತ ವಾದ ಬೇರೆ. ಆ ಗುರುತು ಟವರ್ ಜೊತೆಗಿನ ಸಂಬಂಧ ಹೇಳತ್ತೆ, ನಿಮ್ಮ ಪ್ಯಾಕ್ ಬಗ್ಗೆ ಅಲ್ಲ.

ರೈಲ್ವೆ ಸ್ಟೇಷನ್, ಲಾಡ್ಜ್, ಆಸ್ಪತ್ರೆ ವೈಫೈ ಆದ್ರೆ ಕನೆಕ್ಟ್ ಆದ್ಮೇಲೆ ನಂಬರ್ ಹಾಕಿ ಓಟಿಪಿ ಕೊಡೋ ಪೇಜ್ ಒಂದು ಬರ್ಬೇಕು. ಅದು ಬರದೇ ಇದ್ರೆ ಯಾವ ಸೈಟೂ ತೆಗೆಯಲ್ಲ, ಸರ್ಟಿಫಿಕೇಟ್ ಎರರ್ ಬೇರೆ ಕೊಡತ್ತೆ. ಆಗ ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ ಅಂತ ಟೈಪ್ ಮಾಡಿ. ಬೀಗ ಇಲ್ಲದ ಹಳೇ ಎಚ್‌ಟಿಟಿಪಿ ಸೈಟ್ ಅದು, ಇದಕ್ಕೇ ಅಂತ ಇಟ್ಟಿದ್ದಾರೆ, ಅದನ್ನ ತೆಗೆಯೋಕೆ ಹೋದ್ರೆ ಲಾಗಿನ್ ಪೇಜ್ ಎದ್ದು ಬರತ್ತೆ. ವಿಪಿಎನ್ ಆನ್ ಇದ್ರೆ ಮೊದ್ಲು ಆಫ್ ಮಾಡಿ.

5. ಡಿಎನ್ಎಸ್, ಅಂದ್ರೆ ಎಷ್ಟೋ ಕೇಸುಗಳ ಅಪರಾಧಿ

ನಾವು ಟೈಪ್ ಮಾಡೋದು ಹೆಸರು, ನೆಟ್‌ವರ್ಕಿಗೆ ಬೇಕಾಗಿರೋದು ನಂಬರ್. ಹೆಸರು ಕೊಟ್ರೆ ನಂಬರ್ ಹುಡುಕಿ ಕೊಡೋದು ಡಿಎನ್ಎಸ್. ಅದು ಕೆಟ್ಟರೆ, ಸಿಮ್ ಇದೆ, ಕರೆನ್ಸಿ ಇದೆ, ಟವರ್ ಇದೆ, ಫೋನಲ್ಲಿದ್ದ ಕಾಂಟ್ಯಾಕ್ಟ್ಸ್ ಮಾತ್ರ ಎಲ್ಲ ಡಿಲೀಟ್ ಆಗಿದೆ, ಅಂಥ ಸ್ಥಿತಿ.

ಪತ್ತೆ ಹಚ್ಚೋದು ಸುಲಭ. ವಿಂಡೋಸಲ್ಲಿ ಸ್ಟಾರ್ಟ್ ಒತ್ತಿ ಸಿಎಂಡಿ ಅಂತ ಟೈಪ್ ಮಾಡಿ ಎಂಟರ್ ಹೊಡೀರಿ, ಕಪ್ಪು ಕಿಟಕಿ ಬರತ್ತೆ. ಅದ್ರಲ್ಲಿ ಪಿಂಗ್ ಅಂತ ಬರ್ದು ಒಂದು ಸ್ಪೇಸ್ ಬಿಟ್ಟು 8.8.8.8 ಹಾಕಿ. ನಾಲ್ಕು ಸಲ ರಿಪ್ಲೈ ಅಂತ ಬಂದ್ರೆ ನೆಟ್ ಇದೆ. ಈಗ ಅದೇ ಥರ ಪಿಂಗ್ ಬರ್ದು ನಂಬರ್ ಬದಲು ಗೂಗಲ್ ಡಾಟ್ ಕಾಮ್ ಹಾಕಿ. ನಂಬರಿಗೆ ಉತ್ತರ ಬಂತು, ಹೆಸರಿಗೆ ಹೋಸ್ಟ್ ಸಿಕ್ಲಿಲ್ಲ ಅಂತು ಅಂದ್ರೆ ಕಳ್ಳ ಸಿಕ್ಕಾಕ್ಕೊಂಡ, ಡಿಎನ್ಎಸ್ಸೇ. ನಂಬರಿಗೂ ಟೈಮ್ಡ್ ಔಟ್ ಬಂದ್ರೆ ವಾಪಸ್ 4ಕ್ಕೆ ಹೋಗಿ. (ಕೆಲವು ಆಫೀಸ್ ನೆಟ್‌ವರ್ಕಲ್ಲಿ ಪಿಂಗನ್ನೇ ಬ್ಲಾಕ್ ಮಾಡಿರ್ತಾರೆ, ಅಲ್ಲಿ ಈ ಪರೀಕ್ಷೆ ನಂಬ್ಬೇಡಿ.)

ಸರಿ ಮಾಡೋಕೆ ಸೆಟ್ಟಿಂಗ್ಸಲ್ಲಿ ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಅಲ್ಲಿ ವೈಫೈ, ಅಲ್ಲಿ ಹಾರ್ಡ್‌ವೇರ್ ಪ್ರಾಪರ್ಟೀಸ್. ಡಿಎನ್ಎಸ್ ಸರ್ವರ್ ಅಸೈನ್‌ಮೆಂಟ್ ಪಕ್ಕ ಎಡಿಟ್ ಒತ್ತಿ ಮ್ಯಾನುಯಲ್ ಮಾಡಿ ಐಪಿವಿ4 ಆನ್ ಮಾಡಿ, ಮೊದಲನೇ ಡಬ್ಬೀಲಿ 1.1.1.1, ಎರಡನೇದ್ರಲ್ಲಿ 8.8.8.8 ಹಾಕಿ ಸೇವ್ ಮಾಡಿ. ಮೊದಲನೇದು ಕ್ಲೌಡ್‌ಫ್ಲೇರಿಂದು, 2018ರ ಏಪ್ರಿಲ್ 1ಕ್ಕೆ ಶುರುವಾಗಿದ್ದು (ತಮಾಷೆ ಅಲ್ಲ), ಎರಡನೇದು ಗೂಗಲ್‌ದು, 2009ರಿಂದ ಇದೆ. ಎರಡೂ ಫ್ರೀ. ಆಫೀಸ್ ಲ್ಯಾಪ್‌ಟಾಪಲ್ಲಿ ಇದನ್ನ ಮಾಡ್ಬೇಡಿ, ಒಳಗಿನ ಸೈಟ್‌ಗಳು ನಿಂತೋಗ್ತವೆ, ಐಟಿಯವರು ಬೈತಾರೆ.

ಆಂಡ್ರಾಯ್ಡ್ ಫೋನಲ್ಲಿ ಇದೇ ಕಥೆ ಇನ್ನೊಂದು ವೇಷದಲ್ಲಿ ಬರತ್ತೆ. ಊರಿಂದ ಚಿಕ್ಕಪ್ಪನ ಫೋನು.

"ನೆಟ್ಟೇ ಇಲ್ಲ ಮಾರಾಯ."

"ವಾಟ್ಸಾಪ್ ಬರ್ತಿದ್ಯಾ ಚಿಕ್ಕಪ್ಪ?"

"ಅದು ಬರ್ತದೆ. ಅಡಿಕೆ ರೇಟು ನೋಡುವ ಅಂದ್ರೆ ಸುಮ್ಮನೆ ತಿರುಗ್ತಾ ಕೂತದೆ."

"ವೈಫೈ ಆಫ್ ಮಾಡಿ ಸಿಮ್ಮಲ್ಲಿ ನೋಡಿದ್ರಾ?"

"ಅದ್ರಲ್ಲೂ ಇಲ್ಲ. ನಿನ್ ಚಿಕ್ಕಮ್ಮನ ಫೋನಲ್ಲಿ ಎಲ್ಲ ಬರ್ತದೆ, ನಂಗೆ ಮಾತ್ರ ಇಲ್ಲ."

ಎರಡು ಬೇರೆ ಬೇರೆ ನೆಟ್ಟಲ್ಲೂ ಬರಲ್ಲ, ಪಕ್ಕದ ಫೋನಲ್ಲಿ ಬರತ್ತೆ ಅಂದ್ಮೇಲೆ ಆ ಫೋನಿನದ್ದೇ ಏನೋ. ಸೆಟ್ಟಿಂಗ್ಸ್ ಮೇಲಿನ ಸರ್ಚಲ್ಲಿ ಪ್ರೈವೇಟ್ ಡಿಎನ್ಎಸ್ ಅಂತ ಹುಡುಕಿಸಿ ಅದ್ರಲ್ಲಿ ಏನ್ ಬರ್ದಿದೆ ಅಂತ ಓದಿಸ್ದೆ. ಯಾವುದೋ ಉದ್ದದ ಹೆಸರಿತ್ತು. ಜಾಹೀರಾತು ಬರಬಾರ್ದು ಅಂತ ಪಕ್ಕದ್ಮನೆ ಹುಡುಗ ಹಾಕ್ಕೊಟ್ಟಿದ್ನಂತೆ, ಯಾವಾಗ್ಲೋ. ಅಲ್ಲಿ ಬರ್ದಿರೋ ಸರ್ವರ್ ನಿಂತ್ರೆ, ಹೆಸರು ಬದಲಾದ್ರೆ, ಒಂದಕ್ಷರ ತಪ್ಪಿದ್ರೂ ಫೋನ್ ಬೇರೆ ದಾರಿ ಹುಡುಕಲ್ಲ, ಅದೇ ಬೇಕು ಅಂತ ಹಠ ಹಿಡಿದು ಕೂರತ್ತೆ. ಆಟೋಮ್ಯಾಟಿಕ್ ಅಂತ ಮಾಡಿಸ್ದೆ, ಅಡಿಕೆ ರೇಟು ಬಂತು. ಪ್ರೈವೇಟ್ ಡಿಎನ್ಎಸ್ ಸೌಲಭ್ಯ ಆಂಡ್ರಾಯ್ಡ್ 9ರಿಂದ ಇದೆ, ರೀಲ್ಸಲ್ಲಿ "ಈ ಒಂದು ಸೆಟ್ಟಿಂಗ್ ಮಾಡಿ ಆ್ಯಡ್ ನಿಲ್ಲಿಸಿ" ಅಂತ ತೋರಿಸೋದು ಇದನ್ನೇ. ಹಾಕ್ಕೊಳ್ಳಿ, ಬೇಡ ಅನ್ನಲ್ಲ, ಹಾಕಿದ್ದು ನೆನಪಿಟ್ಕೊಳ್ಳಿ.

6. ತಾರೀಖು ನೋಡಿ

ಇದನ್ನ ಯಾರೂ ನೋಡಲ್ಲ, ಅದಕ್ಕೇ ಬೇರೆ ನಂಬರ್ ಕೊಟ್ಟಿದ್ದೀನಿ. ಹಳೇ ಡೆಸ್ಕ್‌ಟಾಪು, ಕರೆಂಟ್ ಹೋಗಿ ಬಂದ್ಮೇಲೆ ಎಲ್ಲ ಸೈಟಲ್ಲೂ "ಕನೆಕ್ಷನ್ ಪ್ರೈವೇಟ್ ಅಲ್ಲ" ಅಂತ ಕೆಂಪು ಗುರುತು ಬರ್ತಿದ್ರೆ ಸ್ಕ್ರೀನಿನ ಬಲಗಡೆ ಕೆಳಗೆ ತಾರೀಖು ನೋಡಿ. ವರ್ಷಗಟ್ಟಲೆ ಹಿಂದೆ ಹೋಗಿರತ್ತೆ. ಪ್ರತಿ ಸೈಟಿನ ಸರ್ಟಿಫಿಕೇಟಿಗೂ ಇಂಥ ದಿನದಿಂದ ಇಂಥ ದಿನದ ತನಕ ಅಂತ ಅವಧಿ ಇರತ್ತೆ, ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಫ್ರೀ ಸಂಸ್ಥೆಯವರು ಸಾಮಾನ್ಯವಾಗಿ ಕೊಡೋದು 90 ದಿನದ್ದು. ನಿಮ್ಮ ಕಂಪ್ಯೂಟರ್ ಇನ್ನೂ 2015ರಲ್ಲಿ ಇದ್ರೆ ಇವತ್ತಿನ ಸರ್ಟಿಫಿಕೇಟ್ ಅದರ ಲೆಕ್ಕಕ್ಕೆ ಇನ್ನೂ ಹುಟ್ಟೇ ಇಲ್ಲ.

ಸೆಟ್ಟಿಂಗ್ಸಲ್ಲಿ ಟೈಮ್ ಅಂಡ್ ಲ್ಯಾಂಗ್ವೇಜ್‌ಗೆ ಹೋಗಿ ಸಿಂಕ್ ನೌ ಒತ್ತಿ, ವರ್ಷ ಸರಿ ಇದ್ಯಾ ಅಂತಾನೂ ನೋಡಿ. ಪ್ರತಿ ಸಲ ಆಫ್ ಮಾಡಿ ಆನ್ ಮಾಡಿದಾಗ್ಲೂ ಹಿಂದೆ ಹೋಗ್ತಿದ್ರೆ ಮದರ್‌ಬೋರ್ಡಲ್ಲಿರೋ ಬಿಲ್ಲೆ ಸೆಲ್ ಸತ್ತಿದೆ. ಸಿಆರ್ 2032 ಅಂತ ಕೇಳಿ, ವಾಚ್ ರಿಪೇರಿ ಅಂಗಡೀಲೂ ಸಿಗತ್ತೆ.

ತಾರೀಖು ಸರಿ ಇದ್ದೂ ಒಂದೇ ಒಂದು ಸೈಟಲ್ಲಿ ಸರ್ಟಿಫಿಕೇಟ್ ಎರರ್ ಬರ್ತಿದ್ರೆ ಅದು ಆ ಸೈಟಿನೋರು ರಿನ್ಯೂ ಮಾಡಿಲ್ಲ ಅಂತ ಇರ್ಬಹುದು. ಅಡ್ವಾನ್ಸ್ಡ್ ಒತ್ತಿ ಮುಂದೆ ಹೋಗೋ ಅವಕಾಶ ಇರತ್ತೆ, ಆದ್ರೆ ಬ್ಯಾಂಕು, ದುಡ್ಡು, ಆಧಾರ್, ಪಾಸ್‌ವರ್ಡ್ ಯಾವುದೇ ಇರೋ ಸೈಟಲ್ಲಿ ಅದನ್ನ ಒತ್ತಲೇಬೇಡಿ.

ತೀರಾ ಹಳೇ ಮೆಷಿನ್ ಕಥೆ ಬೇರೆ. ಲೆಟ್ಸ್ ಎನ್‌ಕ್ರಿಪ್ಟ್ ನೆಚ್ಚಿಕೊಂಡಿದ್ದ ಹಳೇ ರೂಟ್ ಸರ್ಟಿಫಿಕೇಟ್ (ಬೇರೆ ಸರ್ಟಿಫಿಕೇಟ್‌ಗಳಿಗೆ ಜಾಮೀನು ನಿಲ್ಲೋ ಮೂಲ ಸರ್ಟಿಫಿಕೇಟ್) 2021ರ ಸೆಪ್ಟೆಂಬರ್ 30ಕ್ಕೆ ಮುಗೀತು, ಅಪ್‌ಡೇಟ್ ಕಾಣದ ಎಷ್ಟೋ ಹಳೇ ಮ್ಯಾಕು, ಹಳೇ ಐಫೋನುಗಳಿಗೆ ಅವತ್ತಿಂದ ಸಾಕಷ್ಟು ಸೈಟ್ ಬಂದ್ ಆದ್ವು. ವಿಂಡೋಸ್ 7ಕ್ಕೆ ಕ್ರೋಮ್ ಕೊನೇ ವರ್ಷನ್ 109, 2023ರ ಫೆಬ್ರವರಿಯಲ್ಲಿ ಬಂದ 110ರಿಂದ ಅದಕ್ಕೆ ಸಪೋರ್ಟ್ ಇಲ್ಲ. ಅಂಥ ಕಂಪ್ಯೂಟರಲ್ಲಿ ಪೇಜ್ ಅರ್ಧಂಬರ್ಧ ಬರ್ತಿದ್ರೆ ಅದು ರಿಪೇರಿ ಆಗೋದಲ್ಲ, ವಯಸ್ಸಾಗಿದೆ.

7. ಗೂಗಲ್, ಯೂಟ್ಯೂಬ್ ಬರತ್ತೆ, ಬೇರೆ ಕೆಲವು ಬರಲ್ಲ

ತಲೆ ಕೆಡಿಸೋ ಕೇಸ್ ಇದು. ಯೂಟ್ಯೂಬ್ ಸರಾಗ ಓಡ್ತಿದೆ, ಪೇಪರ್ ಓದೋಣ ಅಂದ್ರೆ ಬರಲ್ಲ. ಕಸ್ಟಮರ್ ಕೇರಿನೋರು ಸ್ಪೀಡ್ ಟೆಸ್ಟ್ ಮಾಡಿ ಅಂತಾರೆ, ಅದು ಚೆನ್ನಾಗೇ ಬರತ್ತೆ, "ನಮ್ ಕಡೆ ಪ್ರಾಬ್ಲಂ ಇಲ್ಲ ಸಾರ್" ಅಂತ ಫೋನ್ ಇಡ್ತಾರೆ.

ಒಂದು ಕಾರಣ ಏನಂದ್ರೆ ಈಗ ನೆಟ್ಟಲ್ಲಿ ಎರಡು ಥರ ಅಡ್ರೆಸ್ ಇದೆ, ಹಳೇ ಐಪಿವಿ4, ಹೊಸ ಐಪಿವಿ6. ಗೂಗಲ್, ಯೂಟ್ಯೂಬ್, ಫೇಸ್‌ಬುಕ್ ಎರಡರಲ್ಲೂ ಸಿಗ್ತವೆ, ಎಷ್ಟೋ ಸೈಟ್‌ಗಳು ಇನ್ನೂ ಹಳೇದ್ರಲ್ಲಿ ಮಾತ್ರ ಇವೆ. ನಿಮ್ಮ ಲೈನಲ್ಲಿ ಹಳೇ ದಾರಿ ಕೆಟ್ಟು ಹೊಸದು ಮಾತ್ರ ನಡೀತಿದ್ರೆ ದೊಡ್ಡ ಸೈಟೆಲ್ಲ ಬರತ್ತೆ, ಉಳಿದವು ಬರಲ್ಲ. ರೌಟರ್ ರೀಸ್ಟಾರ್ಟಿಗೆ ಎಷ್ಟೋ ಸಲ ಸರಿ ಹೋಗತ್ತೆ, ಹೋಗದಿದ್ರೆ ಕಂಪ್ಲೇಂಟ್ ಕೊಡುವಾಗ "ಐಪಿವಿ4 ಬರ್ತಿಲ್ಲ" ಅಂತ ಈ ಪದಾನೇ ಬಳಸಿ.

ಇನ್ನೊಂದು ಕಾರಣ ಎಂಟಿಯು, ಅಂದ್ರೆ ಒಂದ್ಸಲಕ್ಕೆ ಕಳಿಸ್ಬಹುದಾದ ಪ್ಯಾಕೆಟ್ಟಿನ (ಡೇಟಾ ಪೊಟ್ಟಣದ) ದೊಡ್ಡ ಅಳತೆ. ಯೂಸರ್‌ನೇಮ್ ಪಾಸ್‌ವರ್ಡ್ ಹಾಕಿ ಡಯಲ್ ಆಗೋ ಬ್ರಾಡ್‌ಬ್ಯಾಂಡ್‌ನಲ್ಲಿ ಒಂದೊಂದು ಪ್ಯಾಕೆಟ್ ಹೆಚ್ಚಂದ್ರೆ 1492 ಬೈಟ್ ಇರ್ಬೇಕು. ಹೊಸ ರೌಟರ್ ತಂದು ಹಾಕಿ ಅದ್ರಲ್ಲಿ 1500 ಅಂತ ಇದ್ರೆ ಸಣ್ಣ ಪ್ಯಾಕೆಟ್ ಹೋಗ್ತವೆ, ದೊಡ್ಡವು ದಾರೀಲಿ ಬೀಳ್ತವೆ, ಸೈಟ್ ಶುರುವಾದಂಗೆ ಆಗಿ ಬಿಳೀ ಪೇಜಲ್ಲಿ ನಿಲ್ಲತ್ತೆ. ರೌಟರ್ ಸೆಟ್ಟಿಂಗಲ್ಲಿ ವ್ಯಾನ್ (ಹೊರಗಿನ ನೆಟ್ ಕನೆಕ್ಷನ್) ಪೇಜಿಗೆ ಹೋಗಿ 1492 ಮಾಡಿ. ರೌಟರ್ ಬದಲಾಯಿಸಿದ ದಿನದಿಂದ್ಲೇ ಈ ತೊಂದ್ರೆ ಶುರುವಾಗಿದ್ರೆ ಮಾತ್ರ ಈ ಕಡೆ ಹೋಗಿ.

8. ಮಧ್ಯದಲ್ಲಿ ಕೂತಿರೋರು

ಪ್ರಾಕ್ಸಿ, ವಿಪಿಎನ್, ಆಂಟಿವೈರಸ್. ಸೆಟ್ಟಿಂಗ್ಸಲ್ಲಿ ನೆಟ್‌ವರ್ಕ್ ಅಂಡ್ ಇಂಟರ್ನೆಟ್ ಒಳಗೆ ಪ್ರಾಕ್ಸಿ ತೆಗೀರಿ, ಯೂಸ್ ಎ ಪ್ರಾಕ್ಸಿ ಸರ್ವರ್ ಅನ್ನೋದು ಮನೇ ಕಂಪ್ಯೂಟರಲ್ಲಿ ಆಫ್ ಇರ್ಬೇಕು. ನೀವು ಹಾಕ್ದೇನೇ ಆನ್ ಆಗಿದ್ರೆ, ಆಫ್ ಮಾಡಿದ್ರೂ ಮತ್ತೆ ಆನ್ ಆಗ್ತಿದ್ರೆ ಯಾವುದೋ ಕ್ರ್ಯಾಕ್ ಸಾಫ್ಟ್‌ವೇರ್ ಜೊತೆ ಮಾಲ್‌ವೇರ್ ಬಂದಿದೆ ಅಂತ ಅನುಮಾನ ಪಡಿ, ಪೂರ್ತಿ ಸ್ಕ್ಯಾನ್ ಮಾಡ್ಸಿ. ಆಂಟಿವೈರಸ್‌ನ ವೆಬ್ ಶೀಲ್ಡನ್ನ ಹತ್ತು ನಿಮಿಷ ಆಫ್ ಮಾಡಿ ನೋಡಿ, ಸರಿ ಹೋದ್ರೆ ಆಂಟಿವೈರಸ್ ಅಪ್‌ಡೇಟ್ ಮಾಡಿ, ಶೀಲ್ಡ್ ಮತ್ತೆ ಆನ್ ಮಾಡಿ.

9. ಈಗ ಬ್ರೌಸರ್

ಇಲ್ಲೀತನಕ ಬಂದ್ರಿ ಅಂದ್ರೆ ಒಂದೇ ಬ್ರೌಸರಲ್ಲಿ ತೊಂದ್ರೆ ಅಂತ ಖಾತ್ರಿ ಆಗಿದೆ. ಮೊದ್ಲು ಕಂಟ್ರೋಲ್, ಶಿಫ್ಟ್, ಎನ್ ಒಟ್ಟಿಗೆ ಒತ್ತಿ ಇನ್‌ಕಾಗ್ನಿಟೋದಲ್ಲಿ (ಕ್ರೋಮಿನ ಖಾಸಗಿ ಕಿಟಕಿ) ಸೈಟ್ ತೆಗೀರಿ. ಅಲ್ಲಿ ಹಳೇ ಕುಕೀಸ್ (ಲಾಗಿನ್ ಥರದ್ದನ್ನ ನೆನಪಿಡೋಕೆ ಸೈಟ್ ಇಟ್ಟಿರೋ ಚೀಟಿಗಳು) ಇರಲ್ಲ, ನೀವೇ ಅನುಮತಿ ಕೊಡದಿದ್ರೆ ಎಕ್ಸ್‌ಟೆನ್ಷನ್‌ಗಳೂ (ಬ್ರೌಸರಿಗೆ ಸೇರಿಸ್ಕೊಂಡಿರೋ ಪುಟ್ಟ ಸಾಫ್ಟ್‌ವೇರ್) ಓಡಲ್ಲ. ಅಲ್ಲಿ ಬಂತು ಅಂದ್ರೆ ಆ ಎರಡರಲ್ಲಿ ಒಂದು. ಎಕ್ಸ್‌ಟೆನ್ಷನ್‌ಗಳನ್ನ ಒಂದೊಂದಾಗಿ ಆಫ್ ಮಾಡ್ತಾ ಹೋಗಿ, ಆ್ಯಡ್ ಬ್ಲಾಕರಿಂದ ಶುರು ಮಾಡಿ. ಅದಲ್ಲ ಅಂದ್ರೆ ಆ ಸೈಟಿನ ಕುಕೀಸ್ ಮಾತ್ರ ತೆಗೀರಿ: ಅಡ್ರೆಸ್ ಬಾರಿನ ಎಡಗಡೆ ಇರೋ ಚಿಕ್ಕ ಗುರುತು ಒತ್ತಿ ಕುಕೀಸ್ ಅಂಡ್ ಸೈಟ್ ಡೇಟಾ, ಅಲ್ಲಿ ಡಿಲೀಟ್. ಟೂ ಮೆನಿ ರೀಡೈರೆಕ್ಟ್ಸ್ ಅನ್ನೋ ಎರರಿಗೆ ಮೊದಲ ಮದ್ದು ಇದೇ. ಒಂದು ಸೈಟಿಗೋಸ್ಕರ ಎಲ್ಲ ಸೈಟಿನ ಲಾಗಿನ್ ಕಳ್ಕೊಳ್ಳೋದು ಯಾಕೆ.

ಎರರ್ರೂ ಇಲ್ಲ, ಪೇಜೂ ಇಲ್ಲ, ಬರೀ ಬಿಳೀದೋ ಕರೀದೋ ಸ್ಕ್ರೀನ್ ಅಂದ್ರೆ ಕ್ರೋಮ್ ಸೆಟ್ಟಿಂಗ್ಸಲ್ಲಿ ಸಿಸ್ಟಂ ಒಳಗೆ ಗ್ರಾಫಿಕ್ಸ್ ಆಕ್ಸಿಲರೇಷನ್ ಆಫ್ ಮಾಡಿ ನೋಡಿ.

ಅನ್‌ಇನ್‌ಸ್ಟಾಲ್ ಯಾಕೆ ಬೇಡ ಅಂದ್ರೆ, ಕ್ರೋಮ್ ತೆಗೆಯುವಾಗ ಬ್ರೌಸಿಂಗ್ ಡೇಟಾನೂ ಅಳಿಸ್ಬೇಕಾ ಅಂತ ಒಂದು ಟಿಕ್ ಕೇಳತ್ತೆ. ಟಿಕ್ ಹಾಕ್ಲಿಲ್ಲ ಅಂದ್ರೆ ಹಳೇ ಪ್ರೊಫೈಲ್ (ನಿಮ್ಮ ಸೆಟ್ಟಿಂಗ್, ಬುಕ್‌ಮಾರ್ಕ್ ಎಲ್ಲ ಇರೋ ಖಾತೆ) ಹಂಗೇ ಉಳಿದು ಹೊಸ ಕ್ರೋಮಿಗೂ ಅದೇ ಕಾಯಿಲೆ ಬರತ್ತೆ, ಹಾಕಿದ್ರೆ ಸಿಂಕ್ ಆಗದೇ ಇರೋ ಬುಕ್‌ಮಾರ್ಕೆಲ್ಲ ಹೋಗತ್ತೆ. ಅದರ ಬದಲು ಹೊಸ ಪ್ರೊಫೈಲ್ ಮಾಡಿ ಅದ್ರಲ್ಲಿ ನೋಡಿ, ಅಥವಾ ಕ್ರೋಮ್ ಸೆಟ್ಟಿಂಗ್ಸಲ್ಲಿ ರೀಸೆಟ್ ಸೆಟ್ಟಿಂಗ್ಸ್ ಕೊಡಿ. ಎಕ್ಸ್‌ಟೆನ್ಷನ್ ಆಫ್ ಆಗತ್ತೆ, ಕುಕೀಸ್ ಹೋಗತ್ತೆ, ಬುಕ್‌ಮಾರ್ಕು ಪಾಸ್‌ವರ್ಡು ಉಳಿಯತ್ತೆ. ಫೈರ್‌ಫಾಕ್ಸಲ್ಲಿ ಇದೇ ಕೆಲಸಕ್ಕೆ ರಿಫ್ರೆಶ್ ಫೈರ್‌ಫಾಕ್ಸ್ ಅಂತ ಇದೆ.

ಬ್ರೌಸರ್ರೇ ತಪ್ಪು ಮಾಡೋದು ಅಪರೂಪ, ಮಾಡಿದ್ರೆ ಜೋರಾಗೇ ಮಾಡತ್ತೆ. 2022ರ ಜನವರಿ 13ರಂದು ಪ್ರಪಂಚದಾದ್ಯಂತ ಫೈರ್‌ಫಾಕ್ಸ್ ಪೇಜ್ ತೆಗೆಯೋದನ್ನೇ ನಿಲ್ಲಿಸಿತ್ತು. ಎಚ್‌ಟಿಟಿಪಿ 3 ಅನ್ನೋ ಹೊಸ ವಿಧಾನದ ಕೋಡಲ್ಲಿ ಅಡಗಿದ್ದ ಬಗ್ ಒಂದು, ಗೂಗಲ್ ಕ್ಲೌಡ್ ಕಡೆಯ ಬದಲಾವಣೆಯಿಂದ ಎದ್ದು, ಬ್ರೌಸರಿನ ನೆಟ್‌ವರ್ಕ್ ಭಾಗವನ್ನ ಕೊನೆಯಿಲ್ಲದ ಸುತ್ತಿಗೆ ಹಾಕಿತ್ತು. ಅವತ್ತು ರೌಟರ್ ಆಫ್ ಮಾಡಿದೋರು, ವೈರಸ್ ಅಂತ ಹೆದರಿದೋರು ಎಲ್ರಿಗೂ ಎರಡನೇ ಹೆಜ್ಜೆಯ ಕೊನೇ ಪರೀಕ್ಷೆ, ಬೇರೆ ಬ್ರೌಸರಲ್ಲಿ ತೆಗೆದು ನೋಡೋದು, ಸಾಕಾಗಿತ್ತು.

10. ಕಂಪ್ಲೇಂಟ್ ಕೊಡೋ ಹೊತ್ತಿಗೆ

ಕಸ್ಟಮರ್ ಕೇರ್ ನಂಬರನ್ನ ಗೂಗಲಲ್ಲಿ ಹುಡುಕಿ ಮೊದ್ಲು ಸಿಕ್ಕಿದ್ದಕ್ಕೆ ಮಾಡ್ಬೇಡಿ, ಅಲ್ಲಿ ಕಳ್ಳರು ತಮ್ಮ ನಂಬರ್ ತುರುಕಿರ್ತಾರೆ. ಬಿಲ್ ಮೇಲಿರೋದು, ಕಂಪನಿ ಆ್ಯಪಲ್ಲಿರೋದು ಮಾತ್ರ ನಂಬಿ. ನೆಟ್ ಸರಿ ಮಾಡ್ತೀನಿ, ಎನಿಡೆಸ್ಕ್ (ನಿಮ್ಮ ಸ್ಕ್ರೀನನ್ನ ದೂರದಿಂದ ನಡೆಸೋ ಆ್ಯಪ್) ಹಾಕ್ಕೊಳ್ಳಿ, 10 ರೂಪಾಯಿ ಕಳಿಸಿ ಅಂದ್ರೆ ಅಲ್ಲೇ ಕಟ್ ಮಾಡಿ. ದುಡ್ಡು ಹೋಗೇಬಿಟ್ಟಿದ್ರೆ ಕೂಡ್ಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನಿಜವಾದ ಕಸ್ಟಮರ್ ಕೇರ್ ಸಿಕ್ಕಾಗ "ನೆಟ್ ಸ್ಲೋ ಇದೆ" ಅನ್ಬೇಡಿ, ರೌಟರ್ ಆಫ್ ಆನ್ ಮಾಡಿ ಅಂತ ಹೇಳಿ ಮುಗಿಸ್ತಾರೆ. "ಆಫ್ ಆನ್ ಮಾಡಿದ್ದೀನಿ, ಲಾಸ್ ಲೈಟ್ ಕೆಂಪಿಲ್ಲ, ಎರಡು ಡಿವೈಸಲ್ಲಿ ನೋಡಿದ್ದೀನಿ, ಎರಡರಲ್ಲೂ ಬರ್ತಿಲ್ಲ, ಹಾಟ್‌ಸ್ಪಾಟಲ್ಲಿ ಬರತ್ತೆ, 8.8.8.8ಕ್ಕೆ ಪಿಂಗ್ ಹೋಗತ್ತೆ, ಹೆಸರಿಗೆ ಹೋಗಲ್ಲ" ಅಂತ ಒಂದೇ ಉಸಿರಲ್ಲಿ ಹೇಳಿ, ಎಷ್ಟು ಗಂಟೆಯಿಂದ ಅಂತಾನೂ ಹೇಳಿ, ಕಂಪ್ಲೇಂಟ್ ನಂಬರ್ ಬರ್ಕೊಂಡೇ ಫೋನ್ ಇಡಿ.